ಬೀರುವಿನ ಮುಂದೆ ಪಾಡ್‌ಕಾಸ್ಟು

ಟೀಚರ್ ಆದವರು ಎದುರಿಗೆ ಮಕ್ಕಳಿಲ್ಲದೆ ಪಾಠ ಮಾಡಬಾರದು. ನಮ್ಮ ಪಾಠದಲ್ಲಿ ಅರ್ಧ ವಿಷಯ, ಇನ್ನರ್ಧ ಗದರಿಕೆ. ಮಕ್ಕಳು ಎದುರಿಗಿದ್ದರೆ ಎರಡೂ ಅವರ ಮೇಲೇ ಬೀಳುತ್ತವೆ, ಯಾರಿಗೂ ತೊಂದರೆಯಿಲ್ಲ. ಇಲ್ಲದಿದ್ದರೆ ಗದರಿಕೆ ಯಾರ ತಲೆ ಹುಡುಕಿಕೊಂಡು ಹೋಗುತ್ತದೋ ದೇವರೇ ಬಲ್ಲ. ವಿಜಯನಗರದ ನಮ್ಮ ಹೈಸ್ಕೂಲಿನ ಹೆಡ್‌ಮಿಸ್‌ಗೆ ಪಾಡ್‌ಕಾಸ್ಟಿನ ಹುಚ್ಚು ಹಿಡಿಯುವವರೆಗೆ ಈ ಜ್ಞಾನ ನನಗಿರಲಿಲ್ಲ.

"ಮಕ್ಕಳು ಹೇಗಿದ್ರೂ ಕಿವೀಲಿ ಏನಾದ್ರೂ ಸಿಕ್ಕಿಸ್ಕೊಂಡೇ ಇರ್ತಾರೆ, ಪಾಠಾನೂ ಅಲ್ಲೇ ತುಂಬ್ಬಿಡಿ" ಎಂದರು ಹೆಡ್‌ಮಿಸ್. ನನ್ನದೇ ಸಮಾಜ ವಿಜ್ಞಾನಕ್ಕೆ ಹೊಸದಾಗಿ ಸೇರಿದ್ದ ಕಾವ್ಯ ಮಾರನೇ ದಿನವೇ ಹಿಂದೆ ಮುಂದೆ ಸಂಗೀತ ಹಚ್ಚಿ ಒಂದು ಪಾಡ್‌ಕಾಸ್ಟು ತಂದಿಟ್ಟಳು. ಕೇಳಿದರೆ ಪಾಠವೋ ರೇಡಿಯೋ ಕಾರ್ಯಕ್ರಮವೋ ಎನ್ನುವ ಹಾಗಿತ್ತು. ಹೆಡ್‌ಮಿಸ್ ನನ್ನ ಕಡೆ ತಿರುಗಿ, "ಮಕ್ಕಳು ಯಾರದ್ದು ಕೇಳ್ತಾರೆ ನೋಡೋಣ ಮಿಸ್, ಹತ್ತನೇ ಕ್ಲಾಸು ಯಾರಿಗೆ ಅಂತ ಆಮೇಲೆ ಯೋಚಿಸಿದ್ರಾಯ್ತು" ಎಂದರು. ಈ ಸ್ಕೂಲಿಗೆ ಬಂದಾಗಿನಿಂದ ಹತ್ತನೇ ಕ್ಲಾಸು ನನ್ನದು. ಅದನ್ನು ಬಿಟ್ಟುಕೊಡುವುದೆಂದರೆ ಅಡುಗೆಮನೆಯನ್ನು ನಾದಿನಿಗೆ ಒಪ್ಪಿಸಿದ ಹಾಗೆ.

ಬಟ್ಟೆಯೆದುರು ಮಾತಾಡಿದರೆ ಧ್ವನಿ ಗುಂಯ್‌ಗುಡುವುದಿಲ್ಲವೆಂದು ಯಾರೋ ಹೇಳಿದ್ದರು. ಹಾಗಾಗಿ ಬೀರು ತೆರೆದು ಸೀರೆಗಳ ಮುಂದೆ ಫೋನು ಹಿಡಿದು ನಿಂತೆ. ಮುಂದಿನ ಸಾಲಿನಲ್ಲಿ ರೇಷ್ಮೆ, ಹಿಂದೆ ದಿನಬಳಕೆಯವು. ರೇಷ್ಮೆ ಸೀರೆಗಳು ನಿಜಕ್ಕೂ ಗಮನವಿಟ್ಟು ಕೇಳುವ ಹಾಗೆ ಕಂಡವು. "ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರ್ಕೊಂಡ್ರಾ? ಹಿಡಿದಿಟ್ಟು... ಕೊಳ್ಳುತ್ತದೆ. ಫುಲ್‌ಸ್ಟಾಪ್." ನೋಟ್ಸ್ ಬರೆಸಿ ಬರೆಸಿ ನನ್ನ ನಾಲಿಗೆ ಹಾಗೇ ಹೊರಳುವುದು, ಏನು ಮಾಡಲಿ? ಅಷ್ಟರಲ್ಲಿ ಸೀರೆಗಳ ಹಿಂದಿನ ಸಾಲಿನಿಂದ ಒಂದು ಹ್ಯಾಂಗರು ಕಳಚಿ ಟಣ್ ಎಂದು ಬಿತ್ತು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಯಾರದು ಹಿಂದೆ ಗಲಾಟೆ? ಏನು, ತಲೆ ಮೇಲೆ ಕೂರಿಸ್ಕೊಂಡಿದೀನಿ ಅಂತಾನಾ? ಎದ್ದು ನಿಂತ್ಕೋ ಮೊದ್ಲು!" ಎಂದು ಗುಡುಗಿ, ಪಾಠ ಮುಂದುವರಿಸಿದೆ. ರೆಕಾರ್ಡಾದದ್ದನ್ನು ಕತ್ತರಿಸಲು ಬಾರದು. ಇನ್ನೊಮ್ಮೆ ಕೇಳಿನೋಡುವ ಅಭ್ಯಾಸವಂತೂ ಇಲ್ಲ. ಕ್ಲಾಸಿನಲ್ಲಿ ಹೇಳಿದ್ದನ್ನು ನಾವೇ ಕೂತು ಮತ್ತೆ ಕೇಳುತ್ತೇವೆಯೇ? ಹಾಗೇ ಮಕ್ಕಳ ಗ್ರೂಪಿಗೆ ಕಳಿಸಿಬಿಟ್ಟೆ.

ಎರಡು ದಿನ ಕಳೆದು ಹೆಡ್‌ಮಿಸ್ ರೂಮಿಗೆ ಕರೆ ಬಂತು. ಹತ್ತನೇ ಕ್ಲಾಸಿನ ಚೈತ್ರಾಳ ಅಪ್ಪ ಅನ್ನಪೂರ್ಣೇಶ್ವರಿ ನಗರದಿಂದ ಬಂದು ಕೂತಿದ್ದರು. ಪಕ್ಕದಲ್ಲಿ ಬಿಳಿ ಪಂಚೆ, ಹುರಿ ಮೀಸೆಯ ಅವಳ ತಾತ. "ನನ್ನ ಗದರಿದ್ದು ನೀವೇ ಏನವ್ವಾ?" ಎಂದರು ತಾತ.

ವಿಷಯ ಇಷ್ಟೇ. ಹಾಲಿನಲ್ಲಿ ತಾತ ಜೋರಾಗಿ ಟೀವಿ ಹಾಕಿಕೊಂಡಿದ್ದಾರೆ, ಅದೇ ಹಾಲಿನ ಮೂಲೆಯಲ್ಲಿ ಮೊಮ್ಮಗಳು ಫೋನಿನಲ್ಲಿ ನನ್ನ ಕಪ್ಪು ಮಣ್ಣು ಕೇಳುತ್ತಿದ್ದಾಳೆ. ನನ್ನ ಗುಡುಗು ಹೊರಟಿದೆ. ತಾತ ಟೀವಿ ಆರಿಸಿ ಎದ್ದು ನಿಂತಿದ್ದಾರೆ.

"ಎದ್ದು ನಿಂತ್ಕೋ ಅಂದ್ರಿ, ನಿಂತ್ಕಂಡೆ. ಕೂತ್ಕೋ ಅಂತ ಕೊನೇವರ್ಗೂ ಅನ್ನಲೇ ಇಲ್ವಲ್ಲವ್ವಾ! ಮಂಡಿ ನೋವಿನ ಮನುಷ್ಯ ನಾನು" ಎಂದರು ತಾತ.

ನನ್ನ ಹತ್ತನೇ ಕ್ಲಾಸು ಕಿಟಕಿಯಿಂದ ಹಾರಿಹೋಗುವುದು ಕಣ್ಣಿಗೇ ಕಂಡಿತು. ಆದರೆ ಚೈತ್ರಾಳ ಅಪ್ಪ ಕೈಮುಗಿದರು. "ಮಿಸ್, ಟೀವಿ ಸಣ್ಣಗೆ ಮಾಡಪ್ಪಾ ಅನ್ನೋ ಧೈರ್ಯ ನಮ್ಮನೇಲಿ ಯಾರಿಗೂ ಇರ್ಲಿಲ್ಲ. ಈಗ ನಿಮ್ಮ ಪಾಠ ಹಾಕಿದ್ರೆ ಸಾಕು, ಮನೆಯೆಲ್ಲ ಗಪ್‌ಚುಪ್. ಪರೀಕ್ಷೆ ಮುಗಿಯೋವರ್ಗೂ ಪ್ರತಿ ಪಾಠದಲ್ಲೂ ಒಂದ್ಸಲ ಹೀಗೇ ಬೈದ್ಬಿಡಿ." ಹೆಡ್‌ಮಿಸ್ ನಗು ತಡೆಯಲು ಫೈಲಿನಲ್ಲಿ ಮುಖ ಹುದುಗಿಸಿದರು. ಎಷ್ಟೋ ಮನೆಗಳಲ್ಲಿ ಇದೇ ಕಥೆಯಂತೆ. ಕಾವ್ಯಳ ಸಂಗೀತಕ್ಕೆ ಮಕ್ಕಳು ತಲೆದೂಗಿದ್ದರು, ನನ್ನ ಬೈಗುಳಕ್ಕೆ ಮನೆಮಂದಿಯೆಲ್ಲ ತಲೆ ತಗ್ಗಿಸಿದ್ದರು. ಹತ್ತನೇ ಕ್ಲಾಸು ನನ್ನ ಬಳಿಯೇ ಉಳಿಯಿತು. ಅಂದಿನಿಂದ ಪ್ರತಿ ಪಾಠದಲ್ಲೂ ಬೈಯುತ್ತೇನೆ, ತಾತನ ಮಂಡಿ ನೆನೆದು ಮರೆಯದೆ "ಕೂತ್ಕೋ" ಎನ್ನುತ್ತೇನೆ.

ಮೊನ್ನೆ ಭಾನುವಾರ ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆದಿದ್ದಕ್ಕೆ ನನ್ನ ಯಜಮಾನರಿಗೆ ಬುದ್ಧಿ ಹೇಳುತ್ತಿದ್ದೆ. ಟವೆಲ್ಲಿನಿಂದ ಶುರುವಾದದ್ದು ಅವರ ಅಕ್ಕನ ಮಗಳ ಮದುವೆಯವರೆಗೆ ಬಂದಿತ್ತು. ಅವರು ಫೋನು ತೆಗೆದು ಒತ್ತಿದರು. ಹುಡುಕಿ ಇಟ್ಟುಕೊಂಡಿದ್ದರೋ ಏನೋ, ನೇರ ಆ ಜಾಗದಿಂದಲೇ ಶುರುವಾಯಿತು. "ಯಾರದು ಹಿಂದೆ ಗಲಾಟೆ?"

ಸೋಫಾದಿಂದ ಎದ್ದು ನಿಂತೆ. ಬಾಯಿ ತಾನಾಗಿ ಮುಚ್ಚಿಕೊಂಡಿತು. ಅದು ಆ ಮೊದಲನೇ ರೆಕಾರ್ಡಿಂಗು. ಅದರಲ್ಲಿ ಕೊನೆಯವರೆಗೂ "ಕೂತ್ಕೋ" ಬರುವುದಿಲ್ಲವೆಂದು ಗೊತ್ತಿದ್ದೂ, ಕಪ್ಪು ಮಣ್ಣು ಮುಗಿಯುವವರೆಗೆ ನಿಂತೇ ಇದ್ದೆ.