ಮಂಜಿನ ರಜೆಯ ವಿಷಯವಾಗಿ ಮಂಜಿಗೇ ಒಂದು ದೂರು

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಚಳಿಗಾಲದಲ್ಲಿ ದಯಮಾಡಿಸುವ ದಟ್ಟ ಮಂಜಿನವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ದಟ್ಟಣೆಯೂ ತೇವವೂ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಎದುರಿನ ಮಸೀದಿಯ ಮಿನಾರನ್ನು ಸದ್ದಿಲ್ಲದೆ ಮಾಯ ಮಾಡುವ ತಮ್ಮ ಕೈಚಳಕವನ್ನು ಮೊದಲು ಹೊಗಳಿ, ಆಮೇಲೆ ದೂರಿಗೆ ಬರುವುದು ಸಭ್ಯತೆ.

ಉಡುಪಿಯಲ್ಲಿ ನಾನು ಓದುತ್ತಿದ್ದಾಗ, ಜೋರು ಮಳೆಯ ಬೆಳಗ್ಗೆ ರೇಡಿಯೊದಲ್ಲಿ ಜಿಲ್ಲಾಧಿಕಾರಿಗಳ ರಜೆಯ ಆದೇಶ ಕೇಳಿ, ತೊಟ್ಟ ಯೂನಿಫಾರಂ ಬಿಚ್ಚದೆಯೇ ಹಾಸಿಗೆಗೆ ಮರಳುವ ಸುಖವೊಂದಿತ್ತು. ಕನ್ನಡಕ್ಕೆ ಬಂದ ಪರದೇಶದ ಕಾದಂಬರಿಗಳಲ್ಲಿ ಹಿಮ ಬಿದ್ದು ಶಾಲೆ ಮುಚ್ಚಿದ ಪುಟ ಸಿಕ್ಕಿದರೆ ನನಗೆ ಇಂದಿಗೂ ಅದೇ ಸುಖ. ಐದನೇ ತರಗತಿಯ ನನ್ನ ಮಗಳು ಅಶ್ಮಿತಾಳಿಗೆ ಅದು ಒಮ್ಮೆಯಾದರೂ ದಕ್ಕಲೆಂದು, ಹಿಮವಿಲ್ಲದ, ಮಳೆಯೂ ಅಪರೂಪವಾದ ಈ ಊರಿನಲ್ಲಿ ತಮ್ಮೊಬ್ಬರನ್ನೇ ನೆಚ್ಚಿಕೊಂಡಿದ್ದೆ.

ತಾವೋ, ವಾರದ ರಜೆಯಾದ ಶನಿವಾರ, ಭಾನುವಾರಗಳಂದೇ ನಿಷ್ಠೆಯಿಂದ ಬರುತ್ತಿದ್ದಿರಿ. ಕಳೆದ ಸೋಮವಾರ, ಶಾಲೆಯಿದ್ದ ದಿನವೇ, ತಾವು ಕಾಣಿಸಿಕೊಂಡಾಗ ನನಗೆ ತಡೆಯಲಾಗಲಿಲ್ಲ. ಶಾಲೆಯ ಸಂದೇಶಕ್ಕೂ ಕಾಯದೆ ನಾನೇ ರಜೆ ಸಾರಿದೆ, ಬಂದ ಬಸ್ಸನ್ನು ಹಾಗೆಯೇ ಕಳುಹಿಸಿದೆ, ನೀರುಳ್ಳಿ ಬಜೆಗೆ ಎಣ್ಣೆ ಇಟ್ಟೆ. "ಎಂತ ಮಾರಾಯ್ರೆ, ನೀವು ಡೀಸಿ ಆದದ್ದು ಯಾವಾಗ?" ಎಂದು ಹೆಂಡತಿ ಕೇಳಿದ್ದನ್ನು ಅಭಿನಂದನೆ ಎಂದೇ ತಿಳಿದೆ. ಬಜೆ ಕೆಂಪಾಗುವಷ್ಟರಲ್ಲಿ ತಾವು ಎದ್ದು ಹೋಗಿದ್ದಿರಿ. ಹೊರಗೆ ಹದವಾದ ಬಿಸಿಲು, ಶಾಲೆ ಎಂದಿನಂತೆ ನಡೆಯುತ್ತಿತ್ತು, ಈ ವರ್ಷ ಒಂದು ದಿನವೂ ತಪ್ಪಿಸದೆ ಪೂರ್ಣ ಹಾಜರಿಯ ಬಹುಮಾನಕ್ಕೆ ಕಾದಿದ್ದ ಮಗಳು, "ಅಪ್ಪಾ, ಯೂ ಆರ್ ನಾಟ್ ಮೈ ಪ್ರಿನ್ಸಿಪಾಲ್!" ಎಂದು ಬಿಕ್ಕುತ್ತಿದ್ದಳು.

ಆದ್ದರಿಂದ ವಿನಮ್ರ ಕೋರಿಕೆ: ಆ ಬೆಳಗ್ಗೆ ತಾವು ನಮ್ಮ ಬೀದಿಯಲ್ಲಿ ಖುದ್ದಾಗಿ ಇದ್ದಿರೆಂದು ಅವಳ ಕ್ಲಾಸ್ ಟೀಚರಿಗೆ ತಿಳಿಸಿ, ಅವಳ ಗೈರುಹಾಜರಿಯನ್ನು ತಮ್ಮ ಹೆಸರಿಗೆ ಹಾಕಿಸಿಕೊಳ್ಳಬೇಕು. ಮುಂದೆ ಬರುವುದಾದರೆ ಹಿಂದಿನ ದಿನವೇ ಪ್ರಿನ್ಸಿಪಾಲರ ಒಪ್ಪಿಗೆ ಪಡೆದು, ಎರಡನೇ ಪೀರಿಯಡ್ ಮುಗಿಯುವ ತನಕ ಕದಲದೆ ಕೂತಿರಬೇಕು.

ಇಷ್ಟನ್ನು ನಿನ್ನೆ ಬರೆದಿದ್ದೆ. ಇಂದು ಬೆಳಗ್ಗೆ ತಾವು ಮತ್ತೆ ಬಂದಿರಿ. ಈ ಸಲ ನಾನು ರಜೆ ಸಾರಲಿಲ್ಲ. ಮಗಳು ನನ್ನ ಮುಖ ನೋಡದೆ ಬಸ್ಸು ನಿಲ್ಲುವ ಮೂಲೆಗೆ ಹೊರಟಳು. ಗೇಟು ದಾಟುತ್ತಲೇ ಅವಳನ್ನು ತಾವು ನುಂಗಿದಿರಿ. ಆಗಲೇ ಶಾಲೆಯ ಸಂದೇಶ ಬಂತು: ಇಂದು ರಜೆ. ಕೂಗಿ ಹೇಳಲು ಬಾಲ್ಕನಿಗೆ ಓಡಿದವನು, ನನ್ನ ಬಾಯಿಂದ ಬಂದರೆ ಅವಳು ನಂಬಲಾರಳೆಂದು ಸುಮ್ಮನೆ ನಿಂತೆ. ಕೆಳಗಿನಿಂದ, ಪಕ್ಕದ ಮನೆಯ ಉಸಾಮ "ಹಾಲಿಡೇ! ಖಲಾಸ್! ಯಲ್ಲಾ, ಹೋಮ್!" ಎಂದದ್ದು ಕೇಳಿಸಿತು. ಕಣ್ಣಿಗೆ ಕಾಣದ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ಎಲ್ಲರಿಗಿಂತ ಜೋರಾಗಿ ಕಿರುಚಿದವಳು ಅಶ್ಮಿತಾ.

ಅರ್ಧ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಉಳಿದರ್ಧ ಆ ಬಹುಮಾನದ್ದು. ಅದು ಹಾಗೆಯೇ ಇರಲಿ.

ಇಂದಿನ ಮಟ್ಟಿಗೆ ತಮ್ಮ ವಿಶ್ವಾಸಿ,
ರಿತೇಶ್

ತಾ.ಕ.: ಶಾಲೆಗೆ ದಯಪಾಲಿಸಿದ ರಜೆಯನ್ನು ತಾವು ನನ್ನ ಆಫೀಸಿಗೆ ವಿಸ್ತರಿಸಿಲ್ಲವೆಂದು ಈಗಷ್ಟೇ ತಿಳಿಯಿತು. ಎದುರಿನ ಕಾರು ಕಾಣದ ರಸ್ತೆಗೆ ಹೊರಟು ನಿಂತಿದ್ದೇನೆ. ಮಗಳು ಸೋಫಾದಲ್ಲಿ ಒರಗಿಕೊಂಡೇ ಕೈಬೀಸಿ ಹೇಳಿದಳು: "ಅಪ್ಪಾ, ಡೋಂಟ್ ಬಿ ಆಬ್ಸೆಂಟ್."