ಕತ್ತಲೆ ಕೋಣೆಯಿಂದ ಹರಿಹರದ ಮದುವೆಗೆ

ನ್ಯಾಯ ಕೇಳುವುದರಲ್ಲಿ ನನ್ನ ಸಮ ದಾವಣಗೆರೆಯಲ್ಲಿ ಯಾರೂ ಇಲ್ಲವೆಂದು ಕಾಲೇಜು ಓದುವಾಗ ನಾನು ನಂಬಿದ್ದೆ. ಬೆಳಗ್ಗೆ ಬಿ.ಎ. ತರಗತಿ, ಸಂಜೆ ವೀರಣ್ಣನವರ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಅಲ್ಲಿ ನನ್ನಂತೆಯೇ ಓದುತ್ತಾ ದುಡಿಯುವ ಇನ್ನೊಬ್ಬನಿದ್ದ. ನನ್ನದೇ ತರಗತಿಯ ರಹಮತ್. ಅವನೇ ನನ್ನ ಸಂಕಟ!

ನನ್ನ ಪಾಲಿಗೆ ಬಂದದ್ದು ಕತ್ತಲೆ ಕೋಣೆ. ರಾಸಾಯನಿಕದಲ್ಲಿ ಫಿಲಂ ತೊಳೆದೂ ತೊಳೆದೂ ನನ್ನ ಕೈಯ ವಾಸನೆಗೆ ಮನೆಯ ಬೆಕ್ಕೂ ಹತ್ತಿರ ಸುಳಿಯುತ್ತಿರಲಿಲ್ಲ. ರಹಮತ್ ಮಾತ್ರ ಬೆಳಕಿನಲ್ಲಿ ನಿಂತು, ಗಿರಾಕಿಗಳ ಪೇಟ ಸರಿಮಾಡಿ ಅವರನ್ನು ನಗಿಸುತ್ತಿದ್ದ. ಸುತ್ತಲಿನ ಮದುವೆಗಳಿಗೂ ಅವನೇ. ಮರುದಿನ ಬಂದು, “ಬಾತಿ ಊರಿನ ಮದುವ್ಯಾಗ ಹೋಳಿಗೆ ಭಾಳ ಚಲೋ ಇತ್ತು ಕಣೋ” ಎನ್ನುತ್ತಿದ್ದ. ಹೋಳಿಗೆ ತಿಂದವನು ಅವನು, ಹೊಟ್ಟೆ ಉರಿಯುತ್ತಿದ್ದದ್ದು ನನಗೆ!

ಒಂದು ಸಂಜೆ ವೀರಣ್ಣನವರ ಎದುರು ಎದೆಯುಬ್ಬಿಸಿ ನಿಂತೆ.

“ಇಬ್ಬರೂ ಓದೋ ಹುಡುಗ್ರು, ಇಬ್ಬರೂ ನಿಮ್ಮ ಕೆಲಸದೋರು. ಅವನಿಗೆ ಊರೂರು ಮದುವಿ, ನನಗೆ ಕತ್ತಲೆ. ಇದ್ಯಾವ ನ್ಯಾಯಾರೀ?”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಹೌದಲ್ಲೋ ಚಂದ್ರಾ! ನಾನು ಯೋಚನೆ ಮಾಡ್ಲೇ ಇಲ್ಲ. ಇನ್ಮ್ಯಾಲೆ ಪಾಳಿ ಪ್ರಕಾರ ಹೋಗ್ರಿ. ಭಾನುವಾರ ಹರಿಹರದ ಮದುವಿಗೆ ನೀನೇ ಹೋಗು. ಕ್ಯಾಮೆರಾ ಹೆಂಗೆ ಅಂತ ರಹಮತ್ ಹತ್ರ ಕಲ್ತ್ಕೋ.”

ದೊಡ್ಡ ಜಗಳಕ್ಕೆ ಸಿದ್ಧನಾಗಿ ಹೋಗಿದ್ದ ನನಗೆ ನ್ಯಾಯ ಇಷ್ಟು ಬೇಗ ಸಿಕ್ಕಿದ್ದು ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿತು.

ರಹಮತ್ ಕ್ಯಾಮೆರಾಕ್ಕೆ ರೀಲು ಹಾಕಿಕೊಟ್ಟು, “ಬಾರೋ, ತೋರಿಸ್ತೀನಿ. ಒಂದೊಂದು ಫೋಟೋ ಆದ್ಮ್ಯಾಲೂ...” ಎಂದು ಶುರುಮಾಡಿದ.

“ಬ್ಯಾಡ. ನಂಗೆಲ್ಲ ಗೊತ್ತೈತೆ!”

ಅವನಿಂದ ಕಲಿಯುವುದೇ? ಛೇ!

ಹರಿಹರದ ವರ ಮಿಲಿಟರಿಯವನು. ರಜೆ ಮುಗಿದು ಮರುದಿನ ಮಧ್ಯಾಹ್ನವೇ ರೈಲು ಹತ್ತಬೇಕಿತ್ತು. ಹೆಂಡತಿಯ ಜೊತೆಗಿನ ಒಂದು ಫೋಟೋ ತನಗೆ ಬೇಗ ಕಳಿಸಬೇಕೆಂದು ಕೇಳಿಕೊಂಡ. ನಾನು ಭರವಸೆಯ ಮಹಾಪೂರ ಹರಿಸಿದೆ. ವರನನ್ನು ತೆಗೆದೆ, ವಧುವನ್ನು ತೆಗೆದೆ, ಸೋದರಮಾವನ ಮೀಸೆಯನ್ನು ತೆಗೆದೆ. ಗೋಧಿ ಹುಗ್ಗಿಯ ಮೇಲೆ ತುಪ್ಪ ಸುರಿಸಿಕೊಂಡು ಉಂಡೆ. ರಹಮತ್ ಇದನ್ನೆಲ್ಲ ನೋಡಲಿಲ್ಲವಲ್ಲ ಎಂಬುದೊಂದೇ ಕೊರಗು.

ಮರುದಿನ ಬೆಳಗ್ಗೆ ಫಿಲಂ ತೊಳೆದು ಬೆಳಕಿಗೆ ಹಿಡಿದೆ. ಒಂದೇ ಒಂದು ಚಿತ್ರ! ಗುಂಡಿ ಒತ್ತಿದ್ದೆನೇ ಹೊರತು ಒಂದೊಂದು ಫೋಟೋ ಆದಮೇಲೂ ರೀಲನ್ನು ಮುಂದಕ್ಕೆ ತಿರುಗಿಸಿರಲಿಲ್ಲ. ಇಡೀ ಮದುವೆ ಒಂದೇ ಚೌಕದಲ್ಲಿ ನಡೆದುಹೋಗಿತ್ತು. ವಧುವಿನ ಮುಖಕ್ಕೆ ಸೋದರಮಾವನ ಮೀಸೆ ಅಂಟಿಕೊಂಡಿತ್ತು.

“ಇದೇನು ಮದುವಿಯೋ, ಸಂತಿಯೋ?” ಎಂದು ವೀರಣ್ಣನವರು ತಲೆ ಹಿಡಿದು ಕುಳಿತರು. ರಹಮತ್ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು, ಆ ಸುಖವನ್ನೂ ಕೊಡಲಿಲ್ಲ! ಕ್ಯಾಮೆರಾ ಹೆಗಲಿಗೇರಿಸಿ, “ರೈಲಿಗೆ ಇನ್ನೂ ಹೊತ್ತೈತೆ, ನಡಿಯೋ” ಎಂದು ನನ್ನನ್ನು ಹರಿಹರದ ಬಸ್ಸಿಗೆ ಹತ್ತಿಸಿದ.

ಸುದ್ದಿ ಕೇಳಿ ವಧುವಿನ ಕಣ್ಣು ತುಂಬಿತು. ಅವಳ ತಾಯಿ, “ಮದುವಿ ಮತ್ತೊಮ್ಮೆ ಮಾಡಾಕಾಗ್ತದೇನೋ ಪುಣ್ಯಾತ್ಮಾ!” ಎಂದು ನನ್ನ ಮೇಲೆ ಹರಿಹಾಯ್ದರು.

“ಅವ್ವಾರೆ, ಇವನನ್ನ ಆಮೇಲೆ ಬೈರಿ, ನಾನೇ ಹಿಡ್ಕೊಂಡಿರ್ತೀನಿ. ಮೊದ್ಲು ಅಕ್ಕಾರಿಗೆ ಮದುವಿ ಸೀರಿ ಉಡಿಸ್ರಿ” ಎಂದ ರಹಮತ್.

ಎಲ್ಲರೂ ಸ್ಟೇಷನ್ನಿಗೆ ಓಡಿದೆವು. ಫೋಟೋದಲ್ಲಿ ಗಂಡ ಹೆಂಡತಿಯ ಹಿಂದೆ ಜನ, ಗಾಡಿ ಕಾಣಬಾರದೆಂದು ನಾನು ಅವರ ಬೆನ್ನ ಹಿಂದೆ ಮದುವೆ ಮನೆಯಿಂದ ತಂದ ಬಿಳಿ ಪಂಚೆಯನ್ನು ಪರದೆಯಂತೆ ಎತ್ತಿ ಹಿಡಿದು ತುದಿಗಾಲಲ್ಲಿ ನಿಲ್ಲಬೇಕಾಯಿತು. ಗಾಳಿಗೆ ಪಂಚೆ ನನ್ನ ಮುಖಕ್ಕೇ ಸುತ್ತಿಕೊಂಡಿತು. “ಅಯ್ಯಯ್ಯೋ, ಉಸಿರು!” ಎಂದು ಒಳಗಿನಿಂದ ಕೂಗಿದೆ. ಅಷ್ಟು ಹೊತ್ತು ಅತ್ತವಳು ಕಿಸಕ್ಕನೆ ನಕ್ಕಳು, ಗಂಡನೂ ನಕ್ಕ. ರಹಮತ್ ಕ್ಲಿಕ್ಕಿಸಿದ. ರೈಲು ಬಂತು.

ವರ ಕಿಟಕಿಯಿಂದ ಕೈ ಚಾಚಿ ಕುಲುಕಿದ್ದು ರಹಮತ್ತನ ಕೈ. ಉಳಿದ ಹುಗ್ಗಿಯ ಡಬ್ಬಿ ಸಿಕ್ಕಿದ್ದೂ ರಹಮತ್ತನಿಗೆ. ನನಗೆ ಪಂಚೆ ಮಡಚುವ ಕೆಲಸ ಸಿಕ್ಕಿತು.

ಆ ಫೋಟೋ ಸ್ಟುಡಿಯೋದ ಗಾಜಿನ ಕಪಾಟು ಸೇರಿತು. ಹೋಗಿಬರುವವರೆಲ್ಲ ನಿಂತು ರಹಮತ್ತನನ್ನು ಹೊಗಳುತ್ತಿದ್ದರು. ನಾನು ತಡೆಯಲಾರದೆ ವೀರಣ್ಣನವರಿಗೆ, “ನನ್ನ ಶ್ರಮವೂ ಅದರಾಗ ಐತಲ್ರೀ?” ಎಂದೆ.

“ಐತಲ್ಲೋ, ನೋಡಿಲ್ಲೇನು?” ಎಂದು ಅವರು ಫೋಟೋದ ಮೇಲಂಚನ್ನು ತೋರಿಸಿದರು.

ಪಂಚೆಯ ಎರಡು ತುದಿಯಲ್ಲಿ ನನ್ನ ಎರಡು ಹೆಬ್ಬೆರಳು! ಬಹಳ ಸ್ಪಷ್ಟವಾಗಿ ಬಂದಿದ್ದವು.