ಹೊಟ್ಟೆ ಕಟ್ಟಿ ತೂಕ ಇಳಿಸಿದವರು

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದೆ ದವಾಖಾನೆ ಇಟ್ಟುಕೊಂಡ ಲೇಡಿ ಡಾಕ್ಟರು ನಾನು, ಊರವರಿಗೆಲ್ಲ ‘ಬಾಯಾರು’. ಉಂಡು ಹೊಟ್ಟೆ ಕೆಡಿಸಿಕೊಂಡವರು ಬರುವುದು ನನಗೆ ಹೊಸದಾಗಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ಉಣ್ಣದೆ ಮೈ ಕೆಡಿಸಿಕೊಂಡವರೂ ಶುರುವಾದರು, ಒಬ್ಬರು ಎದ್ದು ಹೋದರೆ ಇನ್ನೊಬ್ಬರು. ಯಾವುದೋ ಪತ್ರಿಕೆಯ ಮೂಲೆಯಲ್ಲಿ ‘ವಾರದಲ್ಲಿ ತೆಳ್ಳಗಾಗಿ’ ಎಂದು ಬಂದರೆ ಸಾಕು, ಮುಂದಿನ ವಾರ ನನ್ನ ಬೆಂಚು ಭರ್ತಿ.

ನನಗೋ ಮೊದಲೇ ಕೂತಲ್ಲಿ ಕೂಡಲಾಗದ ಸ್ವಭಾವ. ಸಲೈನ್ ಹಚ್ಚಿ ಅದು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ನಿಲ್ಲುವುದೆಂದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಹಾಗಾಗಿ ಬಾಟ್ಲಿ ಖಾಲಿಯಾಗುವವರೆಗೂ ಬೈಯುತ್ತಿದ್ದೆ. ಬೈಸಿಕೊಂಡವರು ಸುಮ್ಮನಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮಲಗಿದ ಪೈಲ್ವಾನ

ಮುಗಳಖೋಡದ ಕಡೆಯ ಒಬ್ಬ ಪೈಲ್ವಾನ. ತನ್ನ ತೂಕಕ್ಕಿಂತ ಒಂದು ಗುಂಪು ಕೆಳಗೆ ಇಳಿದು ಆಡಿದರೆ ಬೆಳ್ಳಿ ಗದೆ ತನ್ನದೇ ಎಂದು ಅವನ ಎಣಿಕೆ. ತಾಲೀಮಿನಲ್ಲಿ ಅವನಿಗೆ ಕುಸ್ತಿ ಕಲಿಸುವ ವಸ್ತಾದನೂ ಹೂಂ ಅಂದ. ಊಟ ಬಂದ್, ನೀರೂ ಬಂದ್. ಸುಡುಸುಡು ಮಧ್ಯಾಹ್ನ ಕಂಬಳಿ ಹೊದ್ದು ಕಬ್ಬಿನ ಗಾಡಿ ಹೋಗುವ ದಾರಿಯಲ್ಲಿ ಓಟ. ಬೆವರು ಸುರಿದಷ್ಟೂ ವಸ್ತಾದನಿಗೆ ಖುಷಿ.

ಬೆಲ್ಲದ ಅಂಗಡಿಯ ಕಾಟಾದ ಮೇಲೆ ನಿಂತಾಗ ತೂಕ ಬರೋಬ್ಬರಿ ಬಂತು. ಜನ ಸಿಳ್ಳೆ ಹೊಡೆದರು. ಪೈಲ್ವಾನ ಕಣಕ್ಕಿಳಿದು ಮಣ್ಣು ಹಣೆಗೆ ಹಚ್ಚಿಕೊಂಡ, ಒಂದು ಸಲ ತೊಡೆ ತಟ್ಟಿದ, ಇನ್ನೊಂದು ಸಲ ತಟ್ಟಲು ಕೈ ಎತ್ತಿದ, ಹಾಗೇ ಅಂಗಾತ ಬಿದ್ದ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನನ್ನಲ್ಲಿಗೆ ತಂದರು. ನಾಲಿಗೆ ಒಣಗಿ ಕಟ್ಟಿಗೆ, ಮೂತ್ರ ಕಡಕ್ ಚಹಾದ ಬಣ್ಣ. ನನ್ನ ಜೀವ ಹಾರಿತು. ನೀರಿಲ್ಲದೆ ಮೂತ್ರಪಿಂಡ ಕೈಕೊಟ್ಟರೆ ಚಿಕ್ಕೋಡಿಯಲ್ಲಿ ಕೂತು ನಾನೇನು ಮಾಡಲಿ, ಮಿರಜಿನ ದಾರಿ ಹಿಡಿಸಬೇಕು. ಸುದೈವ, ಎರಡನೆಯ ಬಾಟ್ಲಿ ಮುಗಿಯುವಾಗ ಹುಡುಗ ಕಣ್ಣು ಬಿಟ್ಟ. ನಾನು ವಸ್ತಾದನ ಕಡೆ ತಿರುಗಿದೆ. “ಗುರು ಅನಿಸ್ಕೊಂಡಾಂವ ನೀನು. ಹುಡುಗನ್ನ ಕೊಲ್ಲಾಕ ಹೊಂಟಿದ್ದೆಲ್ಲೋ! ಕುಸ್ತಿನೂ ಹೋತು, ಜೀವಾನೂ ಹೋಗತಿತ್ತು.”

ವಸ್ತಾದ ಎದೆ ಉಬ್ಬಿಸಿ ಹೇಳಿದ: “ಕುಸ್ತಿ ಹೋಗಿಲ್ರಿ ಬಾಯಾರ. ಎದುರಿನಾಂವ ಇವನ್ನ ಮುಟ್ಟೇ ಇಲ್ಲ. ಇಂವ ತಾನಾಗೇ ಮಲಗ್ಯಾನ.”

ಮತ್ತೇನೂ ತಿಂದಿಲ್ಲ

ಅಥಣಿ ಕಡೆ ಅನಂತಪುರದ ದ್ರಾಕ್ಷಿ ತೋಟದ ಮನೆಯವರು, ಗಂಡ ಹೆಂಡತಿ ಬಂದರು. ಹೆಂಡತಿಗೆ ಮೊದಲೇ ಸಕ್ಕರೆ ಕಾಯಿಲೆ. ಹಣ್ಣು ಮಾತ್ರ ತಿಂದರೆ ಮೈ ಬೆಣ್ಣೆಯ ಹಾಗೆ ಕರಗುತ್ತದೆ ಎಂದು ಯಾರೋ ತಲೆಯಲ್ಲಿ ತುಂಬಿದ್ದರು. ನೀರಡಿಕೆ, ಕಣ್ಣು ಮಂಜು, ಎದ್ದರೆ ತಲೆ ಸುತ್ತು. ಮೂತ್ರ ಕಾಸಿ ಪರೀಕ್ಷೆ ಮಾಡಿದರೆ ನಳಿಗೆಯಲ್ಲಿ ಇಟ್ಟಿಗೆಯ ಬಣ್ಣ ಬಂತು, ಅಂದರೆ ಸಕ್ಕರೆ ಮಿತಿಮೀರಿತ್ತು.

“ಏನು ತಿಂದೀರಿ?”

“ಏನೂ ಇಲ್ರಿ ಬಾಯಾರ. ರೊಟ್ಟಿ ಮುಟ್ಟಿಲ್ಲ, ಅನ್ನ ಮುಟ್ಟಿಲ್ಲ. ಬರೇ ದ್ರಾಕ್ಷಿ.”

“ಎಷ್ಟು?”

“ಹಸಿವಿ ಆದಾಗೊಮ್ಮೆ ಒಂದ್ ಬುಟ್ಟಿ.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಸಕ್ಕರೆ ಕಾಯಿಲೆಯವರು ಬುಟ್ಟಿಗಟ್ಟಲೆ ಸಕ್ಕರೆ ನುಂಗಿ ಉಪವಾಸ ಎನ್ನುತ್ತಾರಲ್ಲ, ಒಂದು ದಿನ ಎದ್ದೇಳದ ಹಾಗೆ ನಿದ್ದೆ ಹತ್ತಿದರೆ ಯಾರು ಗತಿ ಎಂದು ಕೂಗಾಡಿದೆ. ಪಾಪ, ಆಕೆ ಅಳತೊಡಗಿದಳು. ಗಂಡ ಕೈ ಮುಗಿದ.

“ಜರಾ ಬೈರಿ ಬಾಯಾರ, ನಿಮ್ಮ ಮಾತರೆ ಕೇಳ್ಯಾಳು. ಇನ್ನೊಂದ್ ಹದಿನೈದ್ ದಿನ ಹಿಂಗ ಉಪವಾಸ ಮಾಡಿದ್ಲಂದ್ರ ಸಾಂಗ್ಲಿ ಮಾರ್ಕೆಟ್ಟಿಗೆ ಕಳಸಾಕ ತ್ವಾಟದಾಗ ಗೊನಿನ ಉಳಿಯೂದಿಲ್ಲ.”

ನಿಪ್ಪಾಣಿ ಬಸ್ಸು

ತೊಂಬತ್ತರ ಆಚೆಗಿನ ಮಾತು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಗುಮಾಸ್ತರಾಗಿದ್ದ ಒಬ್ಬರು. ಹೆಂಡತಿಯ ತಮ್ಮನ ಮದುವೆಗೆ ತಮ್ಮ ಹಳೆಯ ಸಫಾರಿಯನ್ನೇ ಹಾಕಬೇಕೆಂದು ಹಟ, ಆದರೆ ಗುಂಡಿ ಕೂಡುತ್ತಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ. ಜುಲಾಬಿನ ಗುಳಿಗೆಯನ್ನು ದಿನಾ ಮುಷ್ಟಿ ತುಂಬ ನುಂಗತೊಡಗಿದರು. ಸಫಾರಿಯ ಗುಂಡಿ ಕೂಡಿತು. ಅದನ್ನೇ ಹಾಕಿಕೊಂಡು ಚಿಕ್ಕೋಡಿಗೆ ಮದುವೆಗೆ ಹೊರಟರು.

ಬಸ್ಸು ನಿಪ್ಪಾಣಿ ಬಿಟ್ಟ ಸ್ವಲ್ಪಕ್ಕೇ “ನಿಲ್ಸ್ರೀ” ಎಂದು ಕಬ್ಬಿನೊಳಗೆ ಓಡಿದರಂತೆ. ಹತ್ತಿ ಕೂತರು, ಮತ್ತೆ “ನಿಲ್ಸ್ರೀ.” ಕಾಲಿನ ಮೀನಖಂಡ ಹಿಡಿದುಕೊಂಡು ಕುಂಟುತ್ತ ಬಂದರು, ಇನ್ನೊಮ್ಮೆ “ನಿಲ್ಸ್ರೀ.” ಬಸ್ಸಿನ ತುಂಬ ಮದುವೆಯ ಜನ, ಮುಹೂರ್ತ ತಪ್ಪೀತೆಂದು ಗಲಾಟೆ. ಕಡೆಗೆ ಬಸ್ ಸ್ಟ್ಯಾಂಡ್ ಮುಟ್ಟಿದಾಗ ಅವರಿಗೆ ಇಳಿಯುವ ತ್ರಾಣವೇ ಇರಲಿಲ್ಲ. ಕಂಡಕ್ಟರನೇ ರಟ್ಟೆ ಹಿಡಿದು ನನ್ನಲ್ಲಿಗೆ ತಂದು ಮಲಗಿಸಿದ.

ನಾಡಿ ನಾಲ್ಕು ಹೆಜ್ಜೆ ಓಡಿ ಒಂದು ಹೆಜ್ಜೆ ತಪ್ಪುತ್ತಿತ್ತು. ನಾನು ಒಳಗೂ ಹೊರಗೂ ತಿರುಗುತ್ತ ಅವರಿಗೆ ತಿಳಿಸಿ ಹೇಳಿದೆ. ಜುಲಾಬಿನಿಂದ ಹೋಗುವುದು ಬೊಜ್ಜಲ್ಲ, ಬರೀ ನೀರು. ನೀರಿನ ಜೊತೆ ಮೈಯೊಳಗಿನ ಲವಣವೂ ಹೋಗುತ್ತದೆ, ಲವಣ ಹೋದರೆ ಹೃದಯ ನಿಂತೀತು. ಅವರು ಕ್ಷೀಣವಾಗಿ ಕೇಳಿದರು, “ಹಂಗಾದ್ರ ತೂಕ ಇಳಸಾಕ ಏನ್ ಮಾಡಬೇಕ್ರಿ?”

ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರ ಅಂದ: “ಹೋಗೂವಾಗ ನಡಕೊಂತ ಹೋಗ್ರಿ ಸಾಹೇಬ್ರ. ನಿಮ್ಮ ತೂಕಾನೂ ಇಳಿತೈತಿ, ನಮ್ಮ ಬಸ್ಸೂ ಟಾಯಮಕ್ಕ ಮುಟ್ಟತೈತಿ.”

ಪಾದ ಬಿಡದ ಹುಡುಗಿ

ಇಷ್ಟು ಮಂದಿಯನ್ನು ಬೈದ ನನಗೆ ನನ್ನ ಬಳಗದಲ್ಲೇ ಬಾಯಿ ಕಟ್ಟಿದ್ದು ಈಗ ಹೇಳುವ ದಿನ. ಕಾಗವಾಡದಲ್ಲಿ ನನ್ನ ತಂಗಿಯ ಮನೆ. ಅವಳ ಮಗಳು ಯಾರದೋ ಲಗ್ನದಲ್ಲಿ ಪಂಕ್ತಿಗೆ ಬಡಿಸುತ್ತಿದ್ದ ಕೊಗನೊಳ್ಳಿಯ ಹುಡುಗನೊಬ್ಬನನ್ನು ನೋಡಿ ಮನಸ್ಸು ಕೊಟ್ಟಿದ್ದಳು. ಪುಣ್ಯಕ್ಕೆ ಅವನ ಮನೆಯಿಂದಲೇ ಸಂಬಂಧವೂ ಬಂತು. ಆದರೆ ಹುಡುಗನ ಸೋದರತ್ತೆ ಯಾರ ಮುಂದೆಯೋ “ಹುಡುಗಿ ಲಕ್ಷಣ ಅದಾಳ, ಜರಾ ಅಗಲ ಅದಾಳ” ಅಂದಿದ್ದಳು. ಆ ಮಾತು ಕಾಗವಾಡಕ್ಕೆ ಬಂದು ಮುಟ್ಟಲು ಎಷ್ಟು ಹೊತ್ತು?

ಅಂದಿನಿಂದ ಹುಡುಗಿಗೆ ಲಿಂಬೆಹಣ್ಣಿನ ನೀರೇ ಗತಿ. ನನ್ನ ತಂಗಿ, ಮಗಳು ಒಳ್ಳೆಯ ಗಂಡ ಸಿಗಲೆಂದು ವ್ರತ ಹಿಡಿದಿದ್ದಾಳೆ ಎಂದುಕೊಂಡು ಸುಮ್ಮನಿದ್ದಳು. ನೋಡಲು ಬರುವ ದಿನ ಬೆಳಿಗ್ಗೆ ನಾನು ಹೋಗಿ ನೋಡುತ್ತೇನೆ, ಕಣ್ಣು ಗುಳಿ ಬಿದ್ದಿವೆ, ಬಾಚಣಿಕೆಯ ತುಂಬ ಕೂದಲು, ನಾಡಿ ಬೆರಳಿಗೆ ಸಿಗುತ್ತಿಲ್ಲ. ನನಗೆ ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಆಯಿತು. ಹಾಲು ತಂದು ಬಾಯಿಗೆ ಹಿಡಿದೆ. ಅವಳು ತುಟಿ ಬಿಗಿದಳು.

“ದೊಡ್ಡವ್ವ, ಇವತ್ತೊಂದಿನ ಬಿಡ. ಅವ್ರು ಒಲ್ಲೆ ಅಂದ್ರ ನಾ ಏನ್ ಮಾಡ್ಲಿ?”

ಅಷ್ಟರಲ್ಲಿ ಟೆಂಪೋ ತುಂಬ ಬೀಗರು ಬಂದಿಳಿದರು. ನಮ್ಮ ಕಡೆ ಕನ್ಯೆ ನೋಡಲು ಬಂದ ಹಿರಿಯರಿಗೆಲ್ಲ ಹುಡುಗಿ ಸಾಲಾಗಿ ಒಬ್ಬೊಬ್ಬರ ಪಾದ ಮುಟ್ಟಿ ಏಳಬೇಕು. ಉಪವಾಸದ ಮೈ ಬಗ್ಗಿ ಎದ್ದರೆ ರಕ್ತದೊತ್ತಡ ಕುಸಿಯುತ್ತದೆಂದು ನನಗೆ ಗೊತ್ತು. ತಂಗಿಯ ಕಿವಿಯಲ್ಲಿ, “ಎಲ್ಲಾರಿಗೂ ಕೂಡಿ ಒಂದ ನಮಸ್ಕಾರ ಮಾಡ್ಲಿ” ಅಂದೆ. “ಅಕ್ಕಾ, ಮರ್ಯಾದಿ ಹೋಗತೈತಿ” ಅಂದಳು. ನಾನು ಬಾಗಿಲಲ್ಲಿ ಒಂಟಿಗಾಲಲ್ಲಿ ನಿಂತೆ.

ಹುಡುಗಿ ಮೊದಲು ಹುಡುಗನ ಅಜ್ಜಿಯ ಪಾದ ಮುಟ್ಟಿ ಎದ್ದಳು. ಸೋದರತ್ತೆಯ ಪಾದ ಮುಟ್ಟಿ, ಗೋಡೆ ಹಿಡಿದು ಎದ್ದಳು. ಹುಡುಗನ ಅಜ್ಜನ ಪಾದಕ್ಕೆ ಹಣೆ ಹಚ್ಚಿದವಳು ಏಳಲೇ ಇಲ್ಲ.

ಅಜ್ಜನಿಗೆ ಕಣ್ಣಲ್ಲಿ ನೀರೇ ಬಂತು. “ಈಗಿನ ಹುಡುಗ್ಯಾರು ಮೊಣಕಾಲ ಮುಟ್ಟಿ ಓಡಿ ಹೊಕ್ಕಾರ. ಇಕಿ ನೋಡ್ರಿ, ಪಾದಾನ ಬಿಡವಲ್ಲಳು!” ಎಂದು ತಲೆಯ ಮೇಲೆ ಕೈಯಿಟ್ಟು ದೀರ್ಘಸುಮಂಗಲಿ ಭವ ಅಂದ. ಅವಳು ಏಳಲಿಲ್ಲ. ಮಕ್ಕಳಾಗಲಿ ಅಂದ, ಮೊಮ್ಮಕ್ಕಳಾಗಲಿ ಅಂದ. ಆಶೀರ್ವಾದ ಮುಗಿದು ಮತ್ತೆ ಮೊದಲಿನಿಂದ ಶುರು ಮಾಡುವಷ್ಟರಲ್ಲಿ ನಾನು ಜಮಖಾನೆಯ ಮೇಲಿನ ಚಹಾದ ಕಪ್ಪುಗಳನ್ನು ದಾಟಿ ಹಾರಿದೆ.

“ಭಕ್ತಿ ಅಲ್ರಿ ಅಜ್ಜಾರ, ಎಚ್ಚರ ತಪ್ಪೇತಿ!”

ಸೋದರತ್ತೆ ಸೆರಗು ಕೊಡವಿ ಎದ್ದಳು. “ಏನೋ ಜಡ್ಡ ಐತಿ, ಮುಚ್ಚಿಟ್ಟಾರ. ನಡೀರಿ.” ನನ್ನ ತಂಗಿ ಗೊಳೋ ಎಂದು ಅಳತೊಡಗಿದಳು. ಹುಡುಗಿಯ ಕಾಲನ್ನು ಎತ್ತಿ ದಿಂಬಿನ ಮೇಲಿಡುತ್ತ ನಾನು ಚೀರಿದೆ, “ಜಡ್ಡ ಇಲ್ಲ, ಏನಿಲ್ಲ. ನೀವ್ ಅಗಲ ಅಂದ ಒಂದ ಮಾತಿಗೆ ಹೊಟ್ಟಿ ಕಟ್ಟಿ ಸಾಯಾಕ ಬಿದ್ದಾಳ. ನಿಮ್ಮ ಹುಡುಗ ಇಕಿಗೆ ಅಷ್ಟ ಬೇಕಾಗ್ಯಾನ!” ಸೋದರತ್ತೆ ಎದ್ದಷ್ಟೇ ಬೇಗ ಕೂತಳು.

ಸ್ವಲ್ಪ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು. ಸಕ್ಕರೆ ಉಪ್ಪಿನ ನೀರು ಗುಟುಕು ಗುಟುಕಾಗಿ ಕುಡಿಸಿ ಕೂರಿಸಿದೆ. ಎದುರಿಗೇ ಹುಡುಗನ ಮುಂದಿಟ್ಟ ಶಿರಾದ ತಾಟು. ಅವನು ಮುಟ್ಟಿರಲಿಲ್ಲ, ನಾಚಿಕೆ ಇರಬೇಕೆಂದು ನಾವು ತಿಳಿದಿದ್ದೆವು. ಹುಡುಗಿ ಬೀಗರನ್ನು ನೋಡಲಿಲ್ಲ, ಅವ್ವನನ್ನು ನೋಡಲಿಲ್ಲ. ಆ ತಾಟನ್ನೇ ಎಳೆದುಕೊಂಡು ತಿನ್ನತೊಡಗಿದಳು. “ಸಾವಕಾಶ, ಸಾವಕಾಶ” ಎಂದು ನಾನು ಕೈ ಹಿಡಿದರೂ ಬಿಡಲಿಲ್ಲ.

ಅಜ್ಜ ಬಡಿಗೆ ನೆಲಕ್ಕೆ ಕುಟ್ಟಿದ. “ಮುಗೀತು! ಗಂಡನ ತಾಟಿನಾಗ ಹೆಣ್ಣು ಉಣ್ಣೂದು ಲಗ್ನ ಆದ ಮ್ಯಾಲೆ. ಇಕಿ ಮೊದಲ ಉಂಡಳು. ಇನ್ನ ನೋಡೂದೇನೈತಿ, ತಾರೀಖ ಹಿಡೀರಿ.”

ಎಲ್ಲರೂ ನಕ್ಕರು. ನನಗೆ ಮಾತ್ರ ಸಮಾಧಾನವಿಲ್ಲ. ಮದುವೆ ಆಗುವವನನ್ನು ಯಾರೂ ಕೇಳಲೇ ಇಲ್ಲವಲ್ಲ. ಅವನ ಕಡೆ ತಿರುಗಿದೆ.

“ಏನಪಾ, ನಿನಗ ಒಪ್ಪಿಗಿ ಐತೇನು?”

ಹುಡುಗನ ಕಣ್ಣು ಶಿರಾದ ಮೇಲಿಂದ ಏಳಲಿಲ್ಲ. “ಒಪ್ಪಿಗಿ ಐತ್ರಿ ಬಾಯಾರ. ಆದ್ರ ಅದರಾಗ ಎರಡ ತುತ್ತು ನನಗ ಉಳಸಾಕ ಹೇಳ್ರಿ. ಹೊಟ್ಟಿ ಕಾಣಬಾರದಂತ ಉಪವಾಸ ಬಿದ್ದು ನನಗೂ ಕಣ್ಣಿಗೆ ಕತ್ತಲಿ ಬರಾಕತ್ತೈತಿ.”